ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ಇಂದು ಯಾರನ್ನಾದರೂ ಹಗುರವಾಗಿ ಕಾಣಲು ಬಳಕೆಯಾಗುತ್ತಿದ್ದರೂ ಅದು ಸೇರಿದ್ದು ಮಕ್ಕಳ ಅಂಗಳಕ್ಕೆ. ದೊಡ್ಡವರ ಜೊತೆ ಆಡಲು ಹಟ ಹಿಡಿದ ಪುಟ್ಟ ಮಗುವನ್ನು ಸೇರಿಸಿಕೊಂಡು, ಅದು ಔಟಾದರೂ ಸೋಲೆಂದು ಎಣಿಸದೆ ಬಿಡುವ ರೂಢಿಯನ್ನು ಅದು ಹೇಳುತ್ತದೆ. ಎಳೆಯ ಜೀವಕ್ಕೆ ಆಟದ ಸುಖ ಸಿಗಲಿ, ನಷ್ಟ ತಟ್ಟದಿರಲಿ ಎಂಬ ಅಕ್ಕರೆ ಅದರೊಳಗಿದೆ. ಸ್ಪರ್ಧಿಯೊಬ್ಬ ಸತ್ತ ಮೇಲೂ ಮೋಟಾರ್ ರೇಸ್ ಮುಂದುವರಿದರೆ ಈ ಅಕ್ಕರೆ ತಲೆಕೆಳಗಾಗುತ್ತದೆ: ನಷ್ಟವೆಲ್ಲ ಅವನದು, ಲೆಕ್ಕವೆಲ್ಲ ಉಳಿದವರದು.

2023ರ ಆಗಸ್ಟ್ 5ರ ಶನಿವಾರ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್‌ನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ಶ್ರೇಯಸ್ ಹರೀಶ್ ಮೃತಪಟ್ಟಾಗ ಅವನಿಗೆ 13 ವರ್ಷ. ಅಂದೇ ಬೆಳಿಗ್ಗೆ ಪೋಲ್ ಪೊಸಿಷನ್, ಅಂದರೆ ಸಾಲಿನ ಮೊದಲ ಸ್ಥಾನ ಗಳಿಸಿದ್ದ ಹುಡುಗ, ರೇಸ್ ಆರಂಭವಾದ ಸ್ವಲ್ಪದರಲ್ಲೇ ಮೊದಲ ತಿರುವು ದಾಟುವಾಗ ಬಿದ್ದ. ಎಲ್ಲರೂ ನಿಲ್ಲಬೇಕೆಂಬ ಆಜ್ಞೆಯಾದ ಕೆಂಪು ಬಾವುಟ ಮೇಲೆದ್ದಿತು. ಸಾವು ಖಚಿತವಾದ ಬಳಿಕ ಸಂಘಟಕರು ಆ ದಿನದ ಉಳಿದ ರೇಸ್‌ಗಳನ್ನೂ ಭಾನುವಾರದವನ್ನೂ ರದ್ದುಪಡಿಸಿದರು.

ಆ ತೀರ್ಮಾನ ಸರಿಯಾದುದು. ಮುಂದುವರಿಸಬೇಕೆನ್ನುವವರು, ಸತ್ತವನು ಅಪಾಯವನ್ನು ತಿಳಿದೇ ಒಪ್ಪಿದ್ದ, ರೇಸ್ ನಡೆಯಲೆಂದೇ ಬಯಸುತ್ತಿದ್ದ ಎನ್ನುತ್ತಾರೆ. ಆದರೆ ಶ್ರೇಯಸ್‌ನದು ಎಂಟನೆಯ ತರಗತಿಗೆ ಹೋಗುವ ಮಕ್ಕಳ ವಯಸ್ಸು. ಆ ವಯಸ್ಸಿನವರು ಹಾಕಿದ ಸಹಿಯನ್ನು ಕರಾರಿನಲ್ಲಿ ಕಾನೂನೇ ಮಾನ್ಯ ಮಾಡದಿರುವಾಗ, ಅವರ ಒಪ್ಪಿಗೆಯನ್ನು ಅವರ ಸಾವಿಗೆ ಸಮಾಧಾನವಾಗಿ ಮುಂದಿಡುವುದು ಹೇಗೆ? ಇನ್ನು ಸತ್ತವನ ಬಯಕೆಯೆಂದರೆ, ಅದನ್ನು ಹೇಳುವವರು ಯಾವಾಗಲೂ ಬದುಕಿರುವವರು.

ಇಟಲಿಯ ಇಮೋಲಾದಲ್ಲಿ 1994ರ ಏಪ್ರಿಲ್ 30ರಂದು ಚಾಲಕ ರೋಲಾಂಡ್ ರಾಟ್ಸೆನ್‌ಬರ್ಗರ್ ಸತ್ತರೂ ಮರುದಿನ ಫಾರ್ಮುಲಾ ಒನ್ ರೇಸ್ ನಡೆಯಿತು. ಅದರಲ್ಲಿ ಅಯರ್ಟನ್ ಸೆನ್ನಾನ ಕಾರು ಗೋಡೆಗೆ ಬಡಿದು ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ರೇಸನ್ನು ಮತ್ತೆ ಆರಂಭಿಸಿ, ಎರಡು ಭಾಗಗಳ ಸಮಯ ಕೂಡಿಸಿ ಮೈಕಲ್ ಷೂಮಾಕರ್ ಗೆದ್ದನೆಂದು ಸಾರಲಾಯಿತು. ಸೆನ್ನಾನ ಸಾವು ಅಂದು ಸಂಜೆ ಪ್ರಕಟವಾಯಿತು. ಗಾದೆಯ ಎರಡನೆಯ ಪದ ಇಷ್ಟು ನಿಷ್ಕರುಣವಾಗಿ ನಿಜವಾದ ಸಂದರ್ಭಗಳು ವಿರಳ.

ಮುಂದುವರಿಸಿದ್ದಕ್ಕೆ ತೂಕದ ಕಾರಣವೊಂದು ಕೇಳಿಬಂದದ್ದು ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ 1955ರ ಕಾರ್ ರೇಸ್‌ನಲ್ಲಿ. ಅಲ್ಲಿ ಚಾಲಕ ಪಿಯರ್ ಲೆವೆಗ್ ಜೊತೆಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತಾಗ, ಜನಸಾಗರ ಒಮ್ಮೆಗೇ ಹೊರಟರೆ ಆಂಬುಲೆನ್ಸ್‌ಗಳ ದಾರಿ ಕಟ್ಟೀತೆಂದು ಸಂಘಟಕರು ಹೇಳಿದರು. ಆ ವಾದವನ್ನು ಒಪ್ಪಲಿ ಬಿಡಲಿ, ಅದು ಗಾಯಾಳುಗಳನ್ನಾದರೂ ಲೆಕ್ಕಕ್ಕೆ ಹಿಡಿದಿತ್ತು.

ಮತ್ತೊಂದು ದಿನ, ಮತ್ತೊಂದು ಊರಿನಲ್ಲಿ ನಡೆಯುವ ರೇಸಿನ ಪ್ರಶ್ನೆ ಬೇರೆಯೇ. 2011ರ ಅಕ್ಟೋಬರ್ 30ರಂದು ದೆಹಲಿಗೆ ಸಮೀಪದ ಗ್ರೇಟರ್ ನೊಯ್ಡಾದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸ್‌ಗೆ ಮುನ್ನ, ಅದೇ ತಿಂಗಳು ಬೇರೆ ರೇಸ್‌ಗಳಲ್ಲಿ ಸತ್ತ ಸ್ಪರ್ಧಿಗಳಾದ ಡ್ಯಾನ್ ವೆಲ್ಡನ್ ಮತ್ತು ಮಾರ್ಕೊ ಸಿಮೊಂಚೆಲ್ಲಿಗಾಗಿ ಒಂದು ನಿಮಿಷ ಮೌನ ಆಚರಿಸಲಾಯಿತು. ಲಾಸ್ ವೇಗಾಸ್ ಮತ್ತು ಸೆಪಾಂಗ್‌ಗಳಲ್ಲಿ ಅವರು ಸತ್ತ ರೇಸ್‌ಗಳನ್ನು ಅಂದೇ ಕೈಬಿಡಲಾಗಿತ್ತು. ಆದ್ದರಿಂದಲೇ ನೊಯ್ಡಾದಲ್ಲಿ ಕಾರುಗಳು ಓಡಿದ್ದನ್ನು ಆಕ್ಷೇಪಿಸಲು ಕಾರಣವಿರಲಿಲ್ಲ.