ಐದನೆಯ ಆಜ್ಞೆಯಲ್ಲಿರುವ ಒಂದು ಮಾತು

ಭಾನುವಾರದ ಪಾಠಶಾಲೆಯಲ್ಲಿ ನಮ್ಮ ಮಕ್ಕಳು ಹತ್ತು ಆಜ್ಞೆಗಳನ್ನು ಒಪ್ಪಿಸುವಾಗ ಐದನೆಯದನ್ನು ತಡೆಯಿಲ್ಲದೆ ಹೇಳಿಬಿಡುತ್ತಾರೆ. ಕೇಳುತ್ತಾ ಕುಳಿತಿರುವ ದೊಡ್ಡವರಾದ ನಾವು, ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬದು ಚಿಕ್ಕವರಿಗೆ ಹೇಳಿದ ಮಾತೆಂದು ತಿಳಿದು ಸುಮ್ಮನಿರುತ್ತೇವೆ. ಆದರೆ ಸೀನಾಯಿ ಬೆಟ್ಟದ ಬಳಿಯಲ್ಲಿ ಇದನ್ನು ಕೇಳಿದವರೇ ವ್ಯಭಿಚಾರವನ್ನೂ ನೆರೆಯವನ ಸೊತ್ತಿನ ಆಶೆಯನ್ನೂ ಕುರಿತ ಆಜ್ಞೆಗಳನ್ನು ಕೇಳಿದರು. ಅಂದರೆ ಸಂಸಾರವನ್ನೂ ಎತ್ತು ಕತ್ತೆಗಳನ್ನೂ ಉಳ್ಳ ಪ್ರಾಯಸ್ಥರು. ಅಂಥವರ ತಂದೆತಾಯಿಗಳು ಮುಪ್ಪಿನವರಲ್ಲವೇ?

ಸನ್ಮಾನ ಎಂಬ ಮಾತು ಈಗ ನಮ್ಮಲ್ಲಿ ಬಹಳ ಅಗ್ಗವಾಗಿದೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುವದಕ್ಕೆ ಸನ್ಮಾನವೆನ್ನುತ್ತೇವೆ. ಇಬ್ರಿಯ ಮೂಲದಲ್ಲಿರುವ ಮಾತು ಹಾಗಲ್ಲ. ಅದು 'ಕಬ್ಬೇದ್' ಎಂಬದು. ಅದರ ಧಾತುವಿಗೆ ಭಾರವಾಗಿರು ಎಂದರ್ಥ. ದೇವರ ಮಹಿಮೆಗೆ ಹೇಳುವ 'ಕಾಬೋದ್' ಎಂಬದೂ ಅದೇ ಧಾತುವಿನಿಂದ ಹುಟ್ಟಿತು. ಈ ಭಾವನೆಯು ನಮಗೆ ಪರಕೀಯವಲ್ಲ. ನಾವು ದಿನವೂ ಆಡುವ 'ಗೌರವ' ಎಂಬ ಮಾತು ಸಂಸ್ಕೃತದ 'ಗುರು' ಶಬ್ದದಿಂದ ಬಂದದ್ದು. ಗುರು ಎಂದರೆ ಮೊದಲು ಭಾರವಾದದ್ದು, ಆಮೇಲೆ ಉಪದೇಶಿಸುವವನು. ಇನ್ನು ಹೆತ್ತವರನ್ನು ಶಪಿಸುವವನ ವಿಷಯವಾಗಿ ವಿಮೋಚನಕಾಂಡದ 21ನೆಯ ಅಧ್ಯಾಯವು ಹೇಳುವ ಮಾತಿನ ಧಾತುವಿಗೆ ಹಗುರವಾಗಿರು ಎಂದರ್ಥ. ಮಗನು ಅಪ್ಪನನ್ನು ನಾಲ್ಕು ಜನರ ಮುಂದೆ ಹಗುರ ಮಾಡಿದನು ಎಂದು ನಮ್ಮ ಹಳ್ಳಿಯವರು ಹೇಳುವಾಗ ತಿಳಿಯದೆಯೇ ಇಬ್ರಿಯರಂತೆ ನುಡಿಯುತ್ತಾರೆ.

ಭಾರ ಎಂಬದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಅಮಾಲೇಕ್ಯರೊಡನೆ ಯುದ್ಧವಾದ ದಿನ ಮೋಶೆಯ ಕೈಗಳು ಭಾರವಾದವು. ಇಷ್ಟು ಜನರ ವ್ಯಾಜ್ಯ ತೀರಿಸುವದು ನಿನಗೆ ಭಾರವೆಂದು ಅವನ ಮಾವನು ಎಚ್ಚರಿಸಿದನು. ಮುದುಕನಾದ ಏಲಿಯು ಭಾರವಾದ ಮೈಯವನಾಗಿದ್ದನು. ಮೂರು ಕಡೆಯೂ ಅದೇ ಧಾತು. ಹಾಸಿಗೆ ಹಿಡಿದ ಅತ್ತೆಯನ್ನು ಹೊರಳಿಸಿ ಮಲಗಿಸುವ ಸೊಸೆಗೆ ಈ ಭಾರವೇನೆಂದು ನಾವು ಬೋಧಿಸಬೇಕಾಗಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ, ಎತ್ತು, ಪಾತ್ರೆಗಳ ಲೆಕ್ಕವು ಮುಗಿದ ಮೇಲೆ ಅಪ್ಪ ಯಾರ ಪಾಲಿಗೆ, ಅವ್ವ ಯಾರ ಪಾಲಿಗೆ ಎಂಬ ಮಾತು ಬರುತ್ತದೆ. ಅವರಿಬ್ಬರೂ ಜಗಲಿಯ ಮೇಲೆ ಕುಳಿತು ಅದನ್ನು ಕೇಳುತ್ತಿರುತ್ತಾರೆ. ಯಾರು ನಮಗೆ ಹೊರೆಯಾಗಿ ಭಾರವಾದರೋ ಅವರನ್ನೇ ಮಾನದಲ್ಲಿ ಭಾರವುಳ್ಳವರೆಂದು ಎಣಿಸಬೇಕೆಂಬದೇ ಈ ಆಜ್ಞೆಯೆಂದು ನಮಗೆ ತೋರುತ್ತದೆ.

ಕುಡಿದು ಮನೆ ಕೆಡಿಸಿದ ತಂದೆಯನ್ನೂ ಸನ್ಮಾನಿಸಬೇಕೋ ಎಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆಯೇ. ಅವನ ಕುಡಿತಕ್ಕೆ ಹಣ ಕೊಡೆಂದು ಆಜ್ಞೆಯು ಹೇಳಲಿಲ್ಲ. ಮನಸ್ಸಿನಲ್ಲಿಲ್ಲದ ಪ್ರೀತಿಯನ್ನು ನಟಿಸೆಂದೂ ಹೇಳಲಿಲ್ಲ. ಆದರೆ ಅವನಿಗೆ ಗಂಜಿ ಹಾಕುವಾಗ ನಾಯಿಗೆ ಹಾಕಿದಂತೆ ಹಾಕಬಾರದು, ಮೊಮ್ಮಕ್ಕಳ ಮುಂದೆ ಅವನ ಹೆಸರನ್ನು ಹೊಟ್ಟಿನಂತೆ ತೂರಬಾರದು. ಇಷ್ಟು ಮಾಡುವದೇ ಎಷ್ಟು ಕಷ್ಟವೆಂದು ಬಲ್ಲವರು ಬಲ್ಲರು.

ಸರಕಾರವು 2007ರಲ್ಲಿ ಹೆತ್ತವರ ಪೋಷಣೆಗಾಗಿ ಶಾಸನ ಮಾಡಿ, ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸುವ ಏರ್ಪಾಡನ್ನು ಮಾಡಿತು. ಅದು ಬೇಕಾದದ್ದೇ, ಸನ್ಮಾನಿಸುವದರಲ್ಲಿ ಅನ್ನವೂ ಸೇರಿದೆ. ಕರ್ತನು ಸಹ ಹಾಗೆಯೇ ಬೋಧಿಸಿದನು. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಫರಿಸಾಯರೊಡನೆ ವಾದಿಸುವಾಗ ಆತನು ಇದೇ ಆಜ್ಞೆಯ ಜೊತೆಗೆ 'ಕೊರ್ಬಾನ್' ಎಂಬ ಮಾತನ್ನು ಎತ್ತಿದನು. ಅದರ ಧಾತುವಿಗೆ ಸಮೀಪವಾಗು ಎಂದರ್ಥ. ದೇವರ ಸಮೀಪಕ್ಕೆ ತಂದ ಕಾಣಿಕೆ ಎಂಬದು ಅದರ ಭಾವ. ಹೆತ್ತವರಿಗೆ ಸಲ್ಲಬೇಕಾದದ್ದನ್ನು ಮಗನು ಕೊರ್ಬಾನ್ ಎಂದುಬಿಟ್ಟರೆ, ಅವರಿಗೆ ಏನೂ ಮಾಡದಂತೆ ಶಾಸ್ತ್ರಿಗಳೇ ಅವನನ್ನು ತಡೆಯುತ್ತಿದ್ದರು. ಸಭೆಯ ಕಾಣಿಕೆಯನ್ನು ಎಣಿಸಿ ಬರೆದಿಡುವ ಕೆಲಸವು ನಮ್ಮದಾದುದರಿಂದ ಮುಂದಿನ ಮಾತನ್ನು ಬರೆಯಲು ನಮಗೆ ಸ್ವಲ್ಪ ಸಂಕೋಚವಾಗುತ್ತದೆ. ಸುಗ್ಗಿಹಬ್ಬದಲ್ಲಿ ಎಲ್ಲರಿಗಿಂತ ದೊಡ್ಡ ಮೂಟೆಯನ್ನು ದೇವಾಲಯಕ್ಕೆ ಹೊತ್ತು ತರುವವನ ವಿಧವೆ ತಾಯಿಯು ಔಷಧಕ್ಕಾಗಿ ನೆರೆಮನೆಯಲ್ಲಿ ಕೈಯೊಡ್ಡುತ್ತಿದ್ದರೆ, ಆ ಮೂಟೆಯನ್ನು ತಿರುಗಿ ಮನೆಗೆ ಕೊಂಡುಹೋಗಪ್ಪಾ ಎಂದು ಸಭೆಯ ಹಿರಿಯರು ಹೇಳಬಾರದೇ?