ಬುದ್ಧಿ ಕದಲಿದವನ ಮೇಲೆ ನಮಗಿರುವ ಅಧಿಕಾರವೆಷ್ಟು?

ದೇಹದಲ್ಲಿ ರೋಗವುಳ್ಳವನು ತಾನಾಗಿಯೇ ವೈದ್ಯನ ಬಳಿಗೆ ಹೋಗುತ್ತಾನೆ. ಕಹಿಯಾದ ಔಷಧವನ್ನೂ ಕೈಚಾಚಿ ತಕ್ಕೊಳ್ಳುತ್ತಾನೆ. ಮನಸ್ಸಿನ ರೋಗವುಳ್ಳವರಲ್ಲಿ ಕೆಲವರಾದರೋ ತಮಗೆ ರೋಗವುಂಟೆಂದು ಒಪ್ಪುವದಿಲ್ಲ. ಔಷಧ ಕೊಡುವ ಕೈಯನ್ನೇ ವೈರಿಯ ಕೈ ಎಂದು ಎಣಿಸುತ್ತಾರೆ. ಆದಕಾರಣ ಇಂಥವರನ್ನು ಶುಶ್ರೂಷೆಮಾಡುವವರಿಗೆ ಒಂದು ಕಠಿಣವಾದ ಪ್ರಶ್ನೆಯುಂಟು. ಅದೇನಂದರೆ, ಒಬ್ಬ ಮನುಷ್ಯನ ಒಳಿತಿಗಾಗಿ ಅವನ ಮನಸ್ಸಿಗೆ ವಿರೋಧವಾಗಿ ನಾವು ಎಷ್ಟರ ಮಟ್ಟಿಗೆ ನಡಕೊಳ್ಳಬಹುದು?

ಇದು ಆಸ್ಪತ್ರೆಯ ದಾದಿಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಾವು ನೆನಸಬಾರದು. ಧಾರವಾಡದಲ್ಲಿ 1845ರಿಂದ ಮನೋರೋಗಿಗಳ ಆಸ್ಪತ್ರೆಯುಂಟು. ಅದೇ ಈಗ ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆಯುತ್ತದೆ. ಆದರೆ ನವಲಗುಂದ ಅಣ್ಣಿಗೇರಿಗಳ ಎರೆಸೀಮೆಯಿಂದಾಗಲಿ, ಕುಂದಗೋಳ ಕಲಘಟಗಿಗಳ ಹಳ್ಳಿಗಳಿಂದಾಗಲಿ ಅಲ್ಲಿಗೆ ಹೋದವನು ಕೆಲವು ವಾರಗಳಲ್ಲಿ ಮನೆಗೆ ತಿರುಗಿ ಬರುತ್ತಾನೆ. ಅಲ್ಲಿಂದ ಮುಂದೆ ವರುಷಗಟ್ಟಲೆ ಅವನ ದಾದಿ ಯಾರು? ಅವನ ತಾಯಿ, ಹೆಂಡತಿ, ಅಣ್ಣತಮ್ಮಂದಿರೇ. ದಾದಿಗೆ ಯಾವದು ಧರ್ಮವೋ ಅದು ಅವರಿಗೂ ಧರ್ಮವೇ.

ಗೆರಸೇನರ ಸೀಮೆಯ ಮನುಷ್ಯನ ಸಂಗತಿಯನ್ನು ಮಾರ್ಕನ ಸುವಾರ್ತೆಯಲ್ಲಿ ಓದಿದ್ದೇವೆ. ಊರಿನವರು ಅವನಿಗೆ ಮಾಡಿದ ಉಪಚಾರವು ಸರಪಣಿಯೊಂದೇ. ಕರ್ತನು ಇನ್ನೊಂದು ಸರಪಣಿಯನ್ನು ತರಿಸಲಿಲ್ಲ, ಹೆಸರೇನೆಂದು ಕೇಳಿದನು. ಅವನ ಚಿತ್ತವು ನೆಟ್ಟಗಾದ ಮೇಲೆ ಅವನನ್ನು ಸ್ವಂತ ಮನೆಯವರ ಬಳಿಗೆ ಕಳುಹಿಸಿದನು. ಬುದ್ಧಿ ಕದಲಿದಾಗಲೂ ಅವನು ಕರ್ತನ ಕಣ್ಣಿಗೆ ಮನುಷ್ಯನಾಗಿಯೇ ಇದ್ದನು.

ಹೀಗಿರಲಾಗಿ, ಮೊದಲನೆಯದಾಗಿ ಕಟ್ಟುವದರ ವಿಷಯ ವಿಚಾರಿಸೋಣ. ಸುಗ್ಗಿಯ ದಿನಗಳಲ್ಲಿ ಮನೆಯವರೆಲ್ಲರೂ ಹೊಲಕ್ಕೆ ಹೋಗಬೇಕು. ಊರಲ್ಲಿ ತೆರೆದ ಬಾವಿಯುಂಟು. ಆದಕಾರಣ ಮಗನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹೋಗುವ ತಾಯಿಯು ಕ್ರೂರಳಲ್ಲ, ಕಂಗಾಲಾದವಳು. ಆದರೂ ಕಟ್ಟಿದವನಿಗೆ ಏನಾಗಬಹುದೆಂಬದನ್ನು ತಮಿಳುನಾಡಿನ ಏರ್ವಾಡಿಯು ತೋರಿಸಿಕೊಟ್ಟಿತು. ಅಲ್ಲಿ 2001ನೇ ಆಗಸ್ಟ್ 6ರಂದು ರೋಗಿಗಳನ್ನು ಇಟ್ಟಿದ್ದ ಒಂದು ಚಪ್ಪರಕ್ಕೆ ಬೆಂಕಿ ಬೀಳಲು, ಸರಪಣಿಯಲ್ಲಿದ್ದವರು ಓಡಲಾರದೆ 28 ಮಂದಿ ಸತ್ತರು. 2017ನೇ ಇಸವಿಯ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಣಿಯಲ್ಲಿ ಇಡಬಾರದೆಂದು ಖಂಡಿತವಾಗಿ ನಿಷೇಧಿಸಿತು. ಆಸ್ಪತ್ರೆಯಲ್ಲಿ ತಡೆದು ಹಿಡಿಯುವದಾದರೂ ತಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯಿಲ್ಲದಾಗ ಮಾತ್ರ ನಡೆಯತಕ್ಕದ್ದು. ಅದಕ್ಕೆ ಮನೋವೈದ್ಯನ ಅಪ್ಪಣೆ ಬೇಕು, ಕಾರಣವನ್ನು ಬರೆದಿಡಬೇಕು, 24 ತಾಸಿನೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆಗಾಗಿ ಹಿಡಿಯಬಾರದು, ಆಳು ಸಾಲದೆಂಬ ನೆವದಿಂದಲೂ ಹಿಡಿಯಬಾರದು. ದೆವ್ವ ಬಿಡಿಸುತ್ತೇವೆಂದು ಹೊಡೆಯುವದು ಇನ್ನೂ ದೊಡ್ಡ ಪಾಪ. ಪ್ರಾರ್ಥಿಸುವವನ ಕೈಗೆ ಬೆತ್ತವು ಯಾಕೆ?

ಎರಡನೆಯದು ಮರೆಮಾಡಿ ಕೊಡುವ ಔಷಧ. ಮಾತ್ರೆಯನ್ನು ನುಂಗಲೊಲ್ಲದವನಿಗೆ ಅದನ್ನು ಪುಡಿಮಾಡಿ ಅಂಬಲಿಯಲ್ಲಿ ಬೆರೆಸಿ ಕೊಡುವವರು ಉಂಟು. ಪ್ರೀತಿಯಿಂದಲೇ ಮಾಡುತ್ತಾರೆ, ಕೆಲವು ವೇಳೆ ಗುಣವೂ ಕಾಣುತ್ತದೆ. ಆದಕಾರಣ ಇದನ್ನು ಬೇಡವೆನ್ನುವದು ಸುಲಭವಲ್ಲ. ಆದರೆ ಯೋಚಿಸಿರಿ: ಮನೆಯವರು ಅನ್ನದಲ್ಲಿ ಏನೋ ಹಾಕುತ್ತಾರೆಂಬದು ಅನೇಕ ರೋಗಿಗಳನ್ನು ಬಾಧಿಸುವ ಭಯವೇ ಆಗಿದೆ. ನಾವು ಕದ್ದು ಬೆರೆಸಿದ ದಿನ ಆ ಸುಳ್ಳುಭಯವನ್ನು ನಿಜಮಾಡಿದೆವು. ಅದು ಹೊರಬಿದ್ದರೆ ಅವನು ಔಷಧವನ್ನು ಮಾತ್ರವಲ್ಲ, ತಾಯಿಯ ಕೈಯ ರೊಟ್ಟಿಯನ್ನೂ ಬಿಡುವನು. ಅರ್ಧ ಬಟ್ಟಲು ಉಳಿಸಿದರೆ ಎಷ್ಟು ಔಷಧ ಹೊಟ್ಟೆಗೆ ಹೋಯಿತೆಂದು ವೈದ್ಯನೂ ತಿಳಿಯಲಾರನು. ಯಾಕೆ ಒಲ್ಲೆನೆನ್ನುತ್ತಾನೆಂದು ಅವನನ್ನೇ ಕೇಳಬೇಕು. ಕೈ ನಡುಗುತ್ತದೆ, ಹಗಲೆಲ್ಲಾ ನಿದ್ದೆ ಬರುತ್ತದೆ ಎಂದಾನು. ಆ ಮಾತು ಹುಚ್ಚಲ್ಲ, ಔಷಧದಿಂದ ಹಾಗಾಗುವದುಂಟು. ಅದನ್ನು ವೈದ್ಯನಿಗೆ ತಿಳಿಸಿದರೆ ಔಷಧವನ್ನು ಬದಲಿಸಬಹುದು. ಎರಡು ಅಥವಾ ನಾಲ್ಕು ವಾರಗಳಿಗೊಮ್ಮೆ ಚುಚ್ಚುವ ಔಷಧವೂ ಉಂಟು. ಈ ದಾರಿಯು ನಿಧಾನವಾದದ್ದು. ಆದರೆ ಇದರಲ್ಲಿ ನಂಬಿಕೆಯು ಉಳಿಯುತ್ತದೆ.

ಮೂರನೆಯದು ನಾಲಿಗೆ. ರೋಗಿಯ ಗುಟ್ಟನ್ನು ದಾದಿಯು ಹೊರಗೆ ಹೇಳಬಾರದೆಂದು ಕಾಯ್ದೆಯುಂಟು. ನಮ್ಮಲ್ಲಾದರೋ ಇದು ಪ್ರಾರ್ಥನೆಯ ವೇಷದಿಂದಲೇ ಹೊರಬೀಳುತ್ತದೆ. ಕೂಟದಲ್ಲಿ ಒಬ್ಬನು ಇಂಥವನ ತಲೆ ಕೆಟ್ಟದೆ, ಪ್ರಾರ್ಥಿಸಿರಿ ಎನ್ನುತ್ತಾನೆ. ವಾರದೊಳಗೆ ಮಾತು ಮೂರು ಊರು ದಾಟುತ್ತದೆ. ಅವನ ತಂಗಿಗೆ ಬಂದ ಸಂಬಂಧವು ಮುರಿಯುತ್ತದೆ. ಅವನ ಒಪ್ಪಿಗೆಯಿಲ್ಲದೆ ಹೆಸರೆತ್ತದಿರೋಣ. ದೇವರಿಗೆ ಹೆಸರು ಗೊತ್ತುಂಟು.

ಆದರೆ ಅವನು ತನ್ನ ಪ್ರಾಣಕ್ಕೋ ಪರರ ಪ್ರಾಣಕ್ಕೋ ಕೈಹಾಕಿದರೆ ಸುಮ್ಮನಿರಬೇಕೋ ಎಂದು ಕೆಲವರು ಕೇಳುವರು. ಇರಬಾರದು, ಆಗ ತಡೆಯುವದೇ ಪ್ರೀತಿ. ಅಂಥವನು ಒಪ್ಪದಿದ್ದರೂ, ಅವನ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯನೂ ಮತ್ತೊಬ್ಬ ಅರ್ಹನೂ ಬೇರೆಬೇರೆಯಾಗಿ ಪರೀಕ್ಷಿಸಿ ಅವನನ್ನು ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳಬಹುದು. ಆದರೆ ಮೊದಲ ಸಾರಿ 30 ದಿನಕ್ಕಿಂತ ಹೆಚ್ಚಿಲ್ಲ. ಅದನ್ನು ಪ್ರಶ್ನಿಸಿ ಪುನರ್ವಿಮರ್ಶೆಯ ಮಂಡಳಿಗೆ ಮೊರೆಯಿಡುವ ಹಕ್ಕೂ ರೋಗಿಗುಂಟು. ನಾವು ಕೇಳಿದ ಪ್ರಶ್ನೆಗೆ ಉತ್ತರವು ಇದರಲ್ಲಿಯೇ ಇದೆ. ಬುದ್ಧಿ ಕದಲಿದವನ ಮೇಲೆ ನಮಗೆ ಅಧಿಕಾರವುಂಟು, ಆದರೆ ಅದು ಕಡಕ್ಕೆ ತಂದದ್ದು: ಅಪಾಯವಿರುವ ತನಕ ಮಾತ್ರ ನಿಲ್ಲುವಂಥದು, ಇನ್ನೊಬ್ಬರ ಕಣ್ಣೆದುರಿಗೆ ನಡೆಯುವಂಥದು, ಅವನು ಸ್ವಸ್ಥನಾದ ದಿನ ಅವನಿಗೇ ಲೆಕ್ಕ ಒಪ್ಪಿಸಬೇಕಾದಂಥದು. ಅಂದು ಅವನ ಮುಖ ನೋಡಿ ಹೇಳಲಾರದ್ದನ್ನು ಇಂದು ಮಾಡಬಾರದು.

ಪ್ರಿಯ ಸಭೆಯವರೇ, ಕಂಬಕ್ಕೆ ಕಟ್ಟಿದ ತಾಯಿಯನ್ನು ಗದರಿಸಿದರೆ ಸಾಲದು. ಸುಗ್ಗಿಯಲ್ಲಿ ಒಂದೊಂದು ದಿನ ಒಂದೊಂದು ಮನೆಯವರು ಅವಳ ಮಗನ ಬಳಿಯಲ್ಲಿ ಕೂತರೆ ಹಗ್ಗವು ಬೇಕಾಗುವದಿಲ್ಲ. ಧಾರವಾಡಕ್ಕೆ ಹೋಗುವಾಗ ಒಬ್ಬ ಹಿರಿಯನು ಜೊತೆಯಾಗಲಿ. ಬಸ್ಸಿನ ಖರ್ಚನ್ನು ಸಭೆಯು ಕೊಡಲಿ. ಹೋಗಲಾರದ ರಾತ್ರಿಯಲ್ಲಿ 14416 ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ವೆಚ್ಚವಿಲ್ಲದೆ ಸಲಹೆ ಸಿಕ್ಕುತ್ತದೆ. ಕರ್ತನು ಆ ಮನುಷ್ಯನನ್ನು ಮನೆಗೆ ಕಳುಹಿಸಿದನಷ್ಟೆ. ನಮ್ಮ ಊರಿಗೆ ಅಂಥವನು ತಿರುಗಿ ಬಂದಾಗ ಪಡಸಾಲೆಯಲ್ಲಿ ಅವನಿಗೆ ಸ್ಥಳವಿರುವಂತೆ ನೋಡಿಕೊಳ್ಳುವದು ನಮ್ಮ ಕೆಲಸ. ಆ ಕೆಲಸಕ್ಕೆ ಬೇಕಾದ ತಾಳ್ಮೆಯನ್ನು ಆತನೇ ನಮಗೆ ಅನುಗ್ರಹಿಸಲಿ.