ಉಂಡ ಮನೆ ಯಾವುದು?

‘ಉಪ್ಪು ಉಂಡ ಮನಿಗೆ ಎರಡು ಬಗೀಬಾರದು.’ ಯಾದಗಿರಿ, ಶಹಾಪುರ, ಸುರಪುರದ ಕಡೆ ಈ ಮಾತನ್ನು ಸಾಹುಕಾರ ಆಳಿಗೆ ಹೇಳುತ್ತಾನೆ, ಕೆಲಸಕ್ಕೆ ಹೊರಟ ಮಗನಿಗೆ ತಾಯಿ ಹೇಳುತ್ತಾಳೆ. ಅನ್ನ ಕೊಟ್ಟವನಿಗೆ ದ್ರೋಹ ಮಾಡಬೇಡ ಎಂಬುದರಲ್ಲಿ ಯಾರದೂ ತಕರಾರಿಲ್ಲ. ಆದರೆ ಇದೇ ಗಾದೆ ಇನ್ನೊಂದು ಬಾಯಿಂದಲೂ ಬರುತ್ತದೆ. ಅಕ್ಕಿ ಗಿರಣಿಗೆ ಬಾರದಾನ ಪೂರೈಸುವವನು, ಜಿನ್ನಿಂಗ್ ಫ್ಯಾಕ್ಟರಿಗೆ ಬಿಡಿಭಾಗ ತರುವವನು, ಕಟ್ಟಡಕ್ಕೆ ಸಿಮೆಂಟು ಕಬ್ಬಿಣ ಕಳಿಸುವವನು, ಖರೀದಿ ನೋಡಿಕೊಳ್ಳುವ ಮ್ಯಾನೇಜರಿಗೆ ಹೇಳುತ್ತಾನೆ: ‘ನಮ್ಮ ಉಪ್ಪೂ ಉಂಡೀರಿ ಸರ, ಈ ಸಲ ಕೈ ಬಿಡಬ್ಯಾಡ್ರಿ.’ ಗಾದೆ ಅದೇ, ಮನೆ ಬೇರೆ. ಖಾಸಗಿ ವ್ಯವಹಾರದಲ್ಲಿ ನಡೆಯುವ ಕಮಿಷನ್ನಿನ ಶಕ್ತಿಯೆಲ್ಲ ಈ ಎರಡನೆಯ ಬಾಯಿಯಲ್ಲಿದೆ. ನಮ್ಮ ಜನ ಋಣಕ್ಕೆ ಬೆಲೆ ಕೊಡುವವರು. ಕಮಿಷನ್ ಕೊಡುವವನು ನಮ್ಮ ಆ ಒಳ್ಳೆಯ ಗುಣವನ್ನೇ ಹಿಡಿದುಕೊಂಡು ಒಳಗೆ ಬರುತ್ತಾನೆ.

ಗಾದೆ ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಒಂದೇ ಮನೆಯಲ್ಲಿ ಉಣ್ಣುವ ಮನುಷ್ಯ. ಜೀತಕ್ಕಿದ್ದವನಾಗಲಿ, ನಾಯಕರ ದಂಡಿನಲ್ಲಿದ್ದವನಾಗಲಿ, ಅವನ ಧಣಿ ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಇವತ್ತಿನ ಮ್ಯಾನೇಜರಿಗೆ ಪಗಾರದ ಮನೆ ಒಂದು, ಲಕೋಟೆಯ ಮನೆ ಇನ್ನೊಂದು. ಪಗಾರದ ಮನೆ ಎಲ್ಲರಿಗೂ ಗೊತ್ತು. ಲಕೋಟೆಯ ಮನೆ ಇಬ್ಬರಿಗೆ ಮಾತ್ರ ಗೊತ್ತು. ಹಾಗಾಗಿ ಗಾದೆಯನ್ನು ಓದುವಾಗ ‘ಎಷ್ಟು ಉಂಡ’ ಎಂದು ಕೇಳುವುದಕ್ಕಿಂತ ‘ಮೊದಲ ಮನೆಗೆ ತಿಳಿದು ಉಂಡನೋ, ತಿಳಿಯದಂತೆ ಉಂಡನೋ’ ಎಂದು ಕೇಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾಣಿಕೆಯ ಭಾರ ಈ ಸೀಮೆಗೆ ಹೊಸದಲ್ಲ. ಸುರಪುರದ ನಾಯಕರು ಪಟ್ಟಕ್ಕೆ ಬರುವಾಗ ಹೈದರಾಬಾದಿನ ನಿಜಾಮ ಸರ್ಕಾರಕ್ಕೆ ನಜರಾನ ಸಲ್ಲಿಸಬೇಕಿತ್ತು. 19ನೆಯ ಶತಮಾನದಲ್ಲಿ ಆ ಹಣ ಲಕ್ಷಗಳಿಗೆ ಏರಿ, ಸಂಸ್ಥಾನ ಸಾಲದಲ್ಲಿ ಸಿಕ್ಕಿಕೊಂಡಿತು. 1840ರ ದಶಕದಲ್ಲಿ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿನ ಆಡಳಿತ ನೋಡಿಕೊಂಡಾಗ ಆ ಸಾಲಗಳ ಲೆಕ್ಕ ಬಿಡಿಸುವುದು ಅವನಿಗೆ ದೊಡ್ಡ ಕೆಲಸವೇ ಆಗಿತ್ತು. ನಜರಾನ ಅನ್ಯಾಯದ್ದೇ. ಆದರೂ ಅದು ಎದುರಿಗೆ ಕೇಳಿ ಪಡೆದದ್ದು, ದಫ್ತರದಲ್ಲಿ ಬರೆದದ್ದು. ಬರೆದಿದ್ದರಿಂದಲೇ ಅದರ ಅನ್ಯಾಯವನ್ನು ನಾವು ಇವತ್ತಿಗೂ ಬೆರಳಿಟ್ಟು ತೋರಿಸಬಲ್ಲೆವು. ಮ್ಯಾನೇಜರಿನ ಲಕೋಟೆಗೆ ಅಂಥ ದಫ್ತರವೇ ಇಲ್ಲ.

ಒಂದು ವ್ಯವಹಾರವನ್ನು ಹತ್ತಿರದಿಂದ ನೋಡೋಣ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳು ಜೋಳ ಬಿಟ್ಟು ಭತ್ತಕ್ಕೆ ತಿರುಗಿದವು. ಭತ್ತದ ಬೆನ್ನಿಗೆ ಅಕ್ಕಿ ಗಿರಣಿಗಳು ಬಂದವು, ಗಿರಣಿಗೆ ಬಾರದಾನ ಬೇಕಾಯಿತು. ಒಂದು ಗಿರಣಿ ವರ್ಷಕ್ಕೆ ಲಕ್ಷ ಚೀಲ ಕೊಳ್ಳುತ್ತದೆ ಅಂದುಕೊಳ್ಳಿ. ಚೀಲಕ್ಕೆ ಒಂದು ರೂಪಾಯಿಯಂತೆ ಮ್ಯಾನೇಜರಿಗೆ ‘ಖುಷಿಗೆ’ ಸಲ್ಲುತ್ತದೆ. ರೂಪಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಲಕ್ಷ ರೂಪಾಯಿ ಆ ಮ್ಯಾನೇಜರಿಗೆ ಐದಾರು ತಿಂಗಳ ಪಗಾರ. ಅವನ ಸಮರ್ಥನೆಯನ್ನೂ ಕೇಳಬೇಕು: ‘ರೇಟು ಎಲ್ಲಾ ಕಡೀಗೂ ಅಷ್ಟೇ ಐತ್ರಿ. ಸಾವ್ಕಾರ್ರಿಗೇನು ಲುಕ್ಸಾನ?’

ಇದು ತಳ್ಳಿಹಾಕುವಂಥ ಮಾತಲ್ಲ. ಆ ರೂಪಾಯಿ ದರದಲ್ಲಿ ಇಳಿಯಬಹುದಾಗಿದ್ದ ರೂಪಾಯಿ ಎಂದು ಉತ್ತರಿಸಬಹುದು, ಅದು ನಿಜವೂ ಹೌದು. ಆದರೆ ದೊಡ್ಡ ಲುಕ್ಸಾನ ಹಣದ್ದಲ್ಲ, ಅದು ಕಾಣಿಸುವುದು ಲೋಡಿಂಗ್ ದಿನ. ಹಮಾಲ ಕೊಂಡಿ ಹಾಕಿ ಎಳೆಯುತ್ತಾನೆ, ಚೀಲದ ಮಗ್ಗುಲಿನ ಹೊಲಿಗೆ ಬಿಡುತ್ತದೆ, ಅಕ್ಕಿ ನೆಲಕ್ಕೆ ಸುರಿಯುತ್ತದೆ. ಹತ್ತು ಚೀಲಕ್ಕೊಂದು ಹೀಗೇ ಆದರೆ ಬಳಿದು ತುಂಬುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಹಮಾಲನ ಕೂಲಿ ಚೀಲದ ಲೆಕ್ಕದ್ದು, ಬಳಿದದ್ದಕ್ಕೆ ಅವನಿಗೆ ಬಿಡಿಗಾಸೂ ಇಲ್ಲ. ಲಾರಿ ಡ್ರೈವರ್ ಹೊತ್ತಾಯಿತೆಂದು ಜಗಳಕ್ಕೆ ನಿಂತಿರುತ್ತಾನೆ. ಆಗ ಮ್ಯಾನೇಜರ್ ಫೋನ್ ಮಾಡಿ ‘ಈ ಮಾಲು ವಾಪಸ್ ಒಯ್ಯಿರಿ, ಬೇರೆ ಕಳಸ್ರಿ’ ಅನ್ನಬೇಕು. ಅವನಿಂದ ಅನ್ನಲಾಗುವುದಿಲ್ಲ. ಬಾರದಾನದವನು ಆ ರೂಪಾಯಿಯಿಂದ ಕೊಂಡದ್ದು ಆರ್ಡರನ್ನಲ್ಲ. ಆರ್ಡರ್ ಒಳ್ಳೆಯ ಮಾಲಿಗೂ ಸಿಗುತ್ತಿತ್ತು. ಅವನು ಕೊಂಡದ್ದು ಈ ಮಧ್ಯಾಹ್ನದ ಮೌನವನ್ನು. ಅದರ ಬೆಲೆ ತೆರುವವನು ಹಮಾಲ.

ಹಾಗಾದರೆ ಕೊಡುಕೊಳ್ಳುವುದೇ ತಪ್ಪೇ? ನಮ್ಮ ಸೀಮೆಯ ಬದುಕು ಕೊಡುಕೊಳ್ಳುವುದರ ಮೇಲೆಯೇ ನಿಂತಿದೆ. ದಸರೆಗೆ ಬನ್ನಿ ಎಲೆ ಕೈಗಿಟ್ಟು ಬಂಗಾರ ಅನ್ನುತ್ತೇವೆ, ಇಸಿದುಕೊಂಡವನು ತಿರುಗಿ ಅಷ್ಟೇ ಬಂಗಾರ ಕೊಡುತ್ತಾನೆ. ದೀಪಾವಳಿಯ ಅಂಗಡಿ ಪೂಜೆಗೆ ಗಿರಾಕಿಗಳನ್ನು ಕರೆದು ಎಲೆ ಅಡಿಕೆ, ಫರಾಳ ಕೊಡುತ್ತಾರೆ. ಮದುವೆಯಲ್ಲಿ ಆಯೇರಿ ಮಾಡಿದವರ ಹೆಸರನ್ನು ಒಬ್ಬರು ಮೈಕಿನಲ್ಲಿ ಕೂಗುತ್ತಾರೆ, ಇನ್ನೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಆ ಪುಸ್ತಕ ತೆಗೆದು ನೋಡಿ ಮುಯ್ಯಿ ತೀರಿಸುತ್ತಾರೆ. ಹೀಗೆ ಕೂಗಿ ಹೇಳಬಹುದಾದ ಉಡುಗೊರೆಯ ಬಗ್ಗೆ ನನಗೆ ಭಯವಿಲ್ಲ. ಬಾರದಾನದವನು ಗಿರಣಿಯ ಅಂಗಳದಲ್ಲಿ, ಸಾಹುಕಾರ ಕುರ್ಚಿಯಲ್ಲಿ ಕೂತಿರುವಾಗ, ಹಮಾಲರಿಂದ ಹಿಡಿದು ಎಲ್ಲರಿಗೂ ಒಂದೊಂದು ಪೇಡೆ ಡಬ್ಬಿ ಕೊಟ್ಟರೆ ಅದು ಹಬ್ಬ. ಅದೇ ಡಬ್ಬಿ ರಾತ್ರಿ ಮ್ಯಾನೇಜರಿನ ಮನೆಗೆ ಹೋಗಿ, ‘ಹುಡುಗರಿಗೆ ಕೊಡ್ರಿ ಅಕ್ಕಾರ’ ಎಂದು ಹೆಂಡತಿಯ ಕೈ ಸೇರಿ, ಒಳಗೊಂದು ಬಂಗಾರದ ನಾಣ್ಯ ಇದ್ದರೆ ಅದಕ್ಕೆ ಹಬ್ಬದ ಹೆಸರು ಹೇಳಬಾರದು.

ಹೆಂಡತಿಯ ಕೈ ಅಂದೆ. ಕೃಷ್ಣೆಯ ಆಚೆ ದಡದ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವರೆಂದು ನಂಬಲಾದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಈ ಭಾಗದ ಮಕ್ಕಳಿಗೂ ಗೊತ್ತು. ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸದೆ, ಹೆಚ್ಚಿನದನ್ನು ಬಿದ್ದಲ್ಲೇ ಹಾಕಿ ಬಾ ಎಂದು ಕಳಿಸಿದಳು. ಈ ಕಥೆಯಲ್ಲಿ ಸಾಮಾನ್ಯವಾಗಿ ಅವಳ ತ್ಯಾಗವನ್ನು ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅವಳ ಲೆಕ್ಕ. ದಿನಕ್ಕೆ ಎಷ್ಟು ಅಕ್ಕಿ ಬರಬೇಕೆಂಬುದು ಅವಳಿಗೆ ಗೊತ್ತಿತ್ತು, ಹೆಚ್ಚು ಬಂದಾಗ ಎಲ್ಲಿಂದ ಬಂತೆಂದು ಕೇಳಿದಳು.

ಕಾನೂನಿನಿಂದ ಇಲ್ಲಿ ಸಿಗುವ ಆಸರೆ ಕಡಿಮೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಕಣ್ಣು ಸರ್ಕಾರಿ ಸೇವಕರ ಮೇಲೆ. ಖಾಸಗಿ ಕಂಪನಿಯವನು ಇನ್ನೊಂದು ಖಾಸಗಿ ಕಂಪನಿಯವನಿಗೆ ಕೊಡುವ ಲಂಚ ಅದರ ಹಿಡಿತಕ್ಕೆ ಬರುವುದಿಲ್ಲ. ಬ್ರಿಟನ್ನಿನ 2010ರ ಲಂಚ ಕಾಯ್ದೆ ಈ ಭೇದ ಮಾಡುವುದಿಲ್ಲ. ನಮ್ಮಲ್ಲಿ ಗಾದೆಗೆ ಹತ್ತಿರ ಬರುವುದು 1872ರ ಕರಾರು ಕಾಯ್ದೆ: ಧಣಿಯ ಪರವಾಗಿ ವ್ಯವಹಾರ ಮಾಡಬೇಕಾದ ಏಜೆಂಟ್ ಧಣಿಗೆ ತಿಳಿಸದೆ ತನಗಾಗಿ ವ್ಯವಹಾರ ಮಾಡಿಕೊಂಡರೆ, ಬಂದ ಲಾಭವನ್ನು ಕೇಳಿ ಪಡೆಯುವ ಹಕ್ಕು ಧಣಿಗಿದೆ ಎನ್ನುತ್ತದೆ ಅದರ 216ನೆಯ ಕಲಮು. ಇಲ್ಲಿಯೂ ‘ತಿಳಿಸದೆ’ ಎಂಬುದೇ ಮುಖ್ಯ. ಇತ್ತೀಚೆಗೆ ಎರಡು ಒಳ್ಳೆಯ ಹೆಜ್ಜೆಗಳಾಗಿವೆ. ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆ, ಪ್ರವಾಸಗಳ ಖರ್ಚನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ಜುಲೈ 1ರಿಂದ, ವ್ಯಾಪಾರದ ಸಂಬಂಧದಲ್ಲಿ ವರ್ಷಕ್ಕೆ 20,000 ರೂಪಾಯಿ ಮೀರಿದ ಉಡುಗೊರೆಗೆ ಕೊಡುವವನೇ ಶೇ. 10ರಷ್ಟು ತೆರಿಗೆ ಮುರಿದು ಕಟ್ಟಬೇಕೆಂಬ ನಿಯಮ ಬಂತು. ಗೊಬ್ಬರ, ಕ್ರಿಮಿನಾಶಕದ ಡೀಲರುಗಳಿಗೆ ಕಂಪನಿಗಳು ಕೊಡುವ ವಿದೇಶ ಪ್ರವಾಸ, ಬಂಗಾರದ ನಾಣ್ಯ ಇದರಿಂದ ಲೆಕ್ಕದ ಪುಸ್ತಕಕ್ಕೆ ಬಂದವು. ನಿಯಮ ಉಡುಗೊರೆಯನ್ನು ನಿಲ್ಲಿಸಲಿಲ್ಲ, ಬರೆಸಿತು.

ಗಾದೆಯ ಇನ್ನೊಂದು ಷರತ್ತನ್ನು ಸಾಹುಕಾರರು ಜಾಣತನದಿಂದ ಮರೆಯುತ್ತಾರೆ. ಉಂಡ ಮನೆ ಅನ್ನಬೇಕಾದರೆ ಮೊದಲು ಹೊಟ್ಟೆ ತುಂಬ ಉಣಿಸಿರಬೇಕು. ಕೋಟಿ ರೂಪಾಯಿಯ ಖರೀದಿಗೆ ಸಹಿ ಹಾಕುವವನಿಗೆ ಹದಿನೆಂಟು ಸಾವಿರ ಪಗಾರ ಕೊಟ್ಟು, ‘ಮ್ಯಾಲಿಂದು ಅಂವ ನೋಡ್ಕೋತಾನ’ ಎಂದು ಸುಮ್ಮನಿರುವ ಮಾಲೀಕ, ಮ್ಯಾನೇಜರಿನ ಪಗಾರವನ್ನು ಬಾರದಾನದವನಿಂದ ಕೊಡಿಸುತ್ತಿದ್ದಾನೆ. ಅವನೇ ಮರುದಿನ ತನ್ನ ಅಕ್ಕಿ ಮಾರಲು ಇನ್ನೊಬ್ಬರ ಖರೀದಿ ಮ್ಯಾನೇಜರಿಗೆ ಲಕೋಟೆ ಕಳಿಸುತ್ತಾನೆ. ಕಡಿಮೆ ಪಗಾರದಿಂದ ಮ್ಯಾನೇಜರಿನ ತಪ್ಪು ಸರಿಯಾಗುವುದಿಲ್ಲ, ನಿಜ. ಆದರೆ ಇಂಥ ಮಾಲೀಕನ ಬಾಯಲ್ಲಿ ಈ ಗಾದೆ ಬರಬಾರದು.

ಇಷ್ಟಾದರೂ ಗಿರಣಿ ಸಾಹುಕಾರನಿಗೆ ಲೆಕ್ಕ ಕೇಳುವ ಶಕ್ತಿಯಿದೆ. ನನ್ನನ್ನು ಹೆಚ್ಚು ಕಾಡುವುದು ಆ ಶಕ್ತಿ ಇಲ್ಲದವರ ಪಾಡು. ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಗುಂಪುಗಳ ಜೊತೆ ಒಬ್ಬ ಮೇಸ್ತ್ರಿ ಇರುತ್ತಾನೆ. ಅವನು ಅದೇ ಊರಿನವನು, ‘ಕಾಕಾ’ ಎಂದೋ ‘ಅಣ್ಣಾ’ ಎಂದೋ ಕರೆಸಿಕೊಳ್ಳುವವನು, ಆ ನಂಟಿನ ನಂಬಿಕೆಯಿಂದಲೇ ಅವರು ಹೊರಟಿದ್ದು. ಬಿಲ್ಡರ್ ಕಡೆಯ ಗುತ್ತಿಗೆದಾರ ಅವನಿಗೆ ತಲೆಗಿಷ್ಟು ಎಂದು ಕಮಿಷನ್ ಕೊಡುತ್ತಾನೆ. ಆಳು ಪೂರೈಸುವ ವ್ಯವಹಾರದಲ್ಲಿ ಈ ರೋಗ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2023ರಲ್ಲಿ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ತನ್ನೊಳಗೆ ತನಿಖೆ ನಡೆಸಿ, 19 ಉದ್ಯೋಗಿಗಳ ಮೇಲೆ ಕ್ರಮ ಕೈಗೊಂಡು, ಆಳು ಒದಗಿಸುವ ಆರು ಸಂಸ್ಥೆಗಳನ್ನು ದೂರವಿಟ್ಟಿತು. ಅಲ್ಲಿ ತನಿಖೆ ನಡೆಸಲು ಕಂಪನಿ ಇತ್ತು.

ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ವಾರದ ಕೂಲಿ ಕೊಡದೆ ಉಳಿಸಿಕೊಂಡಾಗ, ಸಾರವೆಯಿಂದ ಒಬ್ಬ ಬಿದ್ದಾಗ, ಗುತ್ತಿಗೆದಾರನ ಎದುರು ನಿಂತು ಮಾತಾಡಬೇಕಾದವನು ಮೇಸ್ತ್ರಿ. ಅವನು ಉಂಡ ಮನೆ ಯಾವುದು? ಅವನನ್ನು ನಂಬಿ ಬಂದ ಹತ್ತು ಕುಟುಂಬಗಳದೇ ಎಂದು ನಾನು ಹೇಳುತ್ತೇನೆ, ಅವರ ದುಡಿಮೆಯಿಂದಲೇ ಅವನ ಕಮಿಷನ್ ಹುಟ್ಟಿದ್ದು. ಅವನ ಜೇಬಿನಲ್ಲಿ ಒಂದು ಸಣ್ಣ ಪಾಕೆಟ್ ಪುಸ್ತಕ ಇರುತ್ತದೆ. ಯಾರು ಎಷ್ಟು ಮುಂಗಡ ತೆಗೆದುಕೊಂಡರು, ಯಾರು ಎಷ್ಟು ದಿನ ರಜೆ ಹಾಕಿದರು, ಎಲ್ಲ ಅದರಲ್ಲಿದೆ. ತಲೆಗೆ ಇಷ್ಟು ಎಂದು ಅವನಿಗೆ ಬರುವ ಹಣ ಮಾತ್ರ ಇಲ್ಲ. ಅದನ್ನೂ ಅದೇ ಪುಟದಲ್ಲಿ ಬರೆದು, ರೈಲು ಹತ್ತುವ ಮೊದಲು ಎಲ್ಲರ ಎದುರು ಓದಿ ಹೇಳಲಿ. ಓದು ಬಲ್ಲ ಹುಡುಗ ಹುಡುಗಿಯರು ಈಗ ಪ್ರತಿ ಗುಂಪಿನಲ್ಲೂ ಇದ್ದಾರೆ; ಪುಸ್ತಕ ಇಸಿದುಕೊಂಡು ನೋಡುವ ಕೆಲಸ ಅವರಿಗೆ ಬಿಡಬಹುದು.